ಹತ್ತು ಗಂಟೆ ನಲವತ್ತಮೂರು ನಿಮಿಷ

ಹೋದ ತಿಂಗಳು ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಶಿರಾಳಕೊಪ್ಪದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಮೊಬೈಲ್ ರಿಪೇರಿಯ ಪುಟ್ಟ ಅಂಗಡಿ. ಒಳಗೆ ಒಬ್ಬ ಹೆಣ್ಣುಮಗಳು ಭೂತಗನ್ನಡಿಯ ಕೆಳಗೆ ಏನನ್ನೋ ಇಟ್ಟುಕೊಂಡು ಬೆಸುಗೆ ಹಾಕುತ್ತಿದ್ದಳು. ಬಿಸಿ ಕಡ್ಡಿಗೆ ರಾಳ ತಗುಲಿ ಎದ್ದ ಹೊಗೆ ನೇರ ನನ್ನ ಮೂಗಿಗೆ ಬಂತು. ಆ ವಾಸನೆಯಲ್ಲೇ ಬದುಕು ಕಳೆದವನು ನಾನು. ದೂರದ ಗುಡ್ಡವೊಂದರ ಮೇಲಿನ ದೊಡ್ಡ ರೇಡಿಯೋ ದೂರದರ್ಶಕದಲ್ಲಿ ರಿಸೀವರ್ ಕೋಣೆಯ ಕೆಲಸ ನನ್ನದಾಗಿತ್ತು. ಆಕಾಶದಿಂದ ಇಳಿದು ಬರುವ, ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣವಾದ ಸದ್ದನ್ನು ಹಿಡಿದು, ಹಿಗ್ಗಿಸಿ, ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರಗಳನ್ನು ಕಾಯುವುದು. ಆದರೆ ಅಂದು ಆ ಹೊಗೆ ನನ್ನನ್ನು ಗುಡ್ಡಕ್ಕೆ ಒಯ್ಯಲಿಲ್ಲ. ನಿಂತಿದ್ದ ಊರಿನಲ್ಲೇ ನಿಲ್ಲಿಸಿ, ಐವತ್ತೇಳನೆಯ ಇಸವಿಯ ಮಳೆಗಾಲಕ್ಕೆ ಕರೆದೊಯ್ದಿತು.

ಆಗ ನನಗೆ ಇಪ್ಪತ್ತೆರಡು. ತಿಪಟೂರಿನ ಕಡೆಯವನು. ಬೆಂಗಳೂರಿನಲ್ಲಿ ಒಂದು ವರ್ಷ ರೇಡಿಯೋ ಕಲಿತಿದ್ದೆ. ಸರ್ಕಾರ ಹಳ್ಳಿಗೊಂದು ರೇಡಿಯೋ ಕೊಡುತ್ತಿದ್ದ ಕಾಲ ಅದು. ಶಿಕಾರಿಪುರ, ಸೊರಬ ಎರಡು ತಾಲ್ಲೂಕುಗಳ ರೇಡಿಯೋಗಳನ್ನು ನೋಡಿಕೊಳ್ಳುವ ತಾತ್ಕಾಲಿಕ ಮೆಕ್ಯಾನಿಕ್ ಎಂದು ನನ್ನನ್ನು ನೇಮಿಸಿದರು. ಒಂದು ಸೈಕಲ್, ಒಂದು ಹತಾರದ ಪೆಟ್ಟಿಗೆ, ಒಂದು ಮೀಟರು. ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿಯಿಂದ ರೇಡಿಯೋ ನಡೆಯಬೇಕು. ನನ್ನ ಬೆಸುಗೆ ಕಡ್ಡಿ ಯಾರದಾದರೂ ಒಲೆಯ ಕೆಂಡದಲ್ಲಿ ಕಾಯಬೇಕು. "ಅಮ್ಮಾ, ಸ್ವಲ್ಪ ಕೆಂಡ" ಎಂದು ಬಾಗಿಲಲ್ಲಿ ನಿಂತರೆ ಕೆಂಡದ ಜೊತೆಗೆ ಮಜ್ಜಿಗೆಯೂ ಬರುತ್ತಿತ್ತು. ಆ ವರ್ಷ ನಾನು ಕುಡಿದಷ್ಟು ಮಜ್ಜಿಗೆಯನ್ನು ಮತ್ತೆಂದೂ ಕುಡಿದಿಲ್ಲ.

ಮಳೆಗಾಲ ಪೂರ್ತಿ ಒದ್ದೆಯೊಂದಿಗೆ ಗುದ್ದಾಟ. ರೇಡಿಯೋದೊಳಗಿನ ತಂತಿಯ ಸುರುಳಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಉಡುತಡಿಯ ರೇಡಿಯೋದೊಳಗೆ ಬಲ್ಬಿನಂಥ ಬಿಸಿ ವಾಲ್ವಿಗೆ ಬೆನ್ನು ಕೊಟ್ಟು ಒಂದು ಹಲ್ಲಿ ಸಂಸಾರ ಹೂಡಿತ್ತು. ಬಂದಳಿಕೆಯ ಹಾಳು ಗುಡಿಯ ಜಗಲಿಯಲ್ಲಿ ಬುತ್ತಿ ಬಿಚ್ಚಿ, ಮಳೆ ಬಿಡುವುದನ್ನು ಕಾದು, ಕೆಸರಿನಲ್ಲಿ ಸೈಕಲ್ಲನ್ನು ನಾನೇ ಹೊತ್ತು ನಡೆದ ದಿನಗಳೂ ಇದ್ದವು. ಆದರೂ ಅಷ್ಟು ಹಗುರವಾಗಿ ನಾನು ಬದುಕಿದ ವರ್ಷ ಇನ್ನೊಂದಿಲ್ಲ. ಕೆಟ್ಟು ಮೂಕವಾಗಿದ್ದ ಪೆಟ್ಟಿಗೆ ನನ್ನ ಕೈಯಲ್ಲಿ ಬಾಯಿಬಿಟ್ಟಾಗ ಇಡೀ ಊರು "ಓಹೋ" ಎನ್ನುತ್ತಿತ್ತು. ಇಪ್ಪತ್ತೆರಡರ ಹುಡುಗನಿಗೆ ಇನ್ನೇನು ಬೇಕು?

ಆ ವರ್ಷ ನನಗೆ ಹತ್ತಿರವಾದವರು ಇಬ್ಬರು. ಒಬ್ಬ ಈಸೂರಿನ ಹಾಲಪ್ಪ. ಐವತ್ತರ ಆಸುಪಾಸಿನ ರೈತ, ಊರ ಚಾವಡಿಯಲ್ಲಿದ್ದ ರೇಡಿಯೋದ ಉಸ್ತುವಾರಿ ಅವನದು. ನಲವತ್ತೆರಡರ ಚಳವಳಿಯಲ್ಲಿ ತಿಂದ ಲಾಠಿಯ ಗುರುತು ಅವನ ಹೆಗಲ ಮೇಲೆ ಇನ್ನೂ ಇತ್ತು. ಅದರ ಸುದ್ದಿ ಅವನು ಎತ್ತುತ್ತಿರಲಿಲ್ಲ, ಮಾತೆಲ್ಲ ತಮಾಷೆ. "ಬರ್ರಿ ಮೇಸ್ತ್ರಿ, ನಿಮ್ಮ ಪೆಟ್ಟಿಗಿಗೆ ನೆಗಡಿ ಆಗೈತಿ" ಎನ್ನುತ್ತಿದ್ದ. ಇನ್ನೊಬ್ಬರು ಸೊರಬದ ಶಾಲೆಯ ಗಿರಿಜಮ್ಮ ಟೀಚರ್. ಅಲ್ಲಿಯ ರೇಡಿಯೋ ಅವರ ವಶದಲ್ಲಿತ್ತು. ಯಾವ ಹೊತ್ತಿಗೆ ಹಚ್ಚಿದರು, ಯಾವ ಹೊತ್ತಿಗೆ ಆರಿಸಿದರು, ಮಧ್ಯೆ ಎಷ್ಟು ಸಲ ಗೊರಗೊರ ಎಂದಿತು, ಎಲ್ಲವನ್ನೂ ಮುತ್ತಿನಂಥ ಅಕ್ಷರಗಳಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದರು. ನಾನು ತಡವಾಗಿ ಹೋದರೆ ಅದೂ ಇಳಿಯುತ್ತಿತ್ತು. "ಎಂತ ಮಾರಾಯ್ರೆ, ಎಂಟಕ್ಕೆ ಬರ್ತೀನಿ ಅಂದೋರು ಹನ್ನೊಂದಕ್ಕೆ ಬರ್ತಿದೀರಲ್ಲ!" ಎಂದು ನನ್ನೆದುರಿಗೇ ಬರೆಯುತ್ತಿದ್ದರು.

ಸುಗ್ಗಿ ಮುಗಿದು ಕಣಗಳು ಖಾಲಿಯಾದ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಸುತ್ತೋಲೆ ಬಂತು. ಮುಂದಿನ ವಾರ ಬೆಳಿಗ್ಗೆ ಹತ್ತೂವರೆಗೆ ದೆಹಲಿಯಿಂದ ದೊಡ್ಡ ನಾಯಕರೊಬ್ಬರು ರೈತರನ್ನು ಕುರಿತು ಮಾತಾಡಲಿದ್ದಾರೆ, ಸಾಧ್ಯವಿದ್ದಲ್ಲೆಲ್ಲ ಜನರಿಗೆ ಕೇಳಿಸಬೇಕು ಎಂದು. ನಮ್ಮ ಬಹುಪಾಲು ರೇಡಿಯೋಗಳು ಸಂಜೆಯ ಕಾರ್ಯಕ್ರಮಕ್ಕೆ ಮಾತ್ರ ಹೊಂದಿಸಿದವು. ಹಗಲಲ್ಲಿ ದೆಹಲಿಯನ್ನು ಹಿಡಿಯಬಲ್ಲ, ಶಾರ್ಟ್‌ವೇವ್ ಎನ್ನುವ ಕಿರು ಅಲೆಗಳ ದೊಡ್ಡ ರಿಸೀವರ್ ಇದ್ದದ್ದು ನನ್ನ ಪಾಲಿಗೆ ಎರಡೇ ಕಡೆ: ಈಸೂರು, ಸೊರಬ. ಅದರಲ್ಲಿ ಈಸೂರಿಗೆ ಜಿಲ್ಲೆಯ ಸಾಹೇಬರೇ ಬಂದು ಜನರ ಜೊತೆ ಕೂತು ಕೇಳುತ್ತಾರೆಂದು ಗೊತ್ತಾಯಿತು.

ಹಿಂದಿನ ದಿನವೇ ಹೋಗಿ ಹೊಸ ಬ್ಯಾಟರಿ ಹಾಕಿದೆ. ಬೇವಿನ ಮರದಿಂದ ಹಾಲಪ್ಪನ ಕಣದ ಬಿದಿರುಗಂಬದವರೆಗೆ ಏರಿಯಲ್ ತಂತಿಯನ್ನು ಹೊಸದಾಗಿ ಎಳೆದು ಕಟ್ಟಿದೆ. ಬೆಳಿಗ್ಗೆ ಚಾವಡಿ ತುಂಬಿ ಹೊರಗೂ ಜನ. ಸಾಹೇಬರ ಜೀಪು ಬಂತು. ಟೊಪ್ಪಿಗೆ, ಮಡಿಕೆ ಮುರಿಯದ ಕೋಟು, ಕೈಯಲ್ಲಿ ಹೊಳೆಯುವ ವಾಚು. ಹತ್ತೂವರೆಗೆ ಸರಿಯಾಗಿ ದೆಹಲಿ ನುಡಿಯಿತು. ಭಾಷಣ ಹಿಂದಿಯಲ್ಲಿ; ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಆದರೂ ದೆಹಲಿಯ ಮನುಷ್ಯ ನಮ್ಮ ಚಾವಡಿಯಲ್ಲಿ ಕೆಮ್ಮಿದ್ದು ಕೇಳುತ್ತಿದೆಯಲ್ಲ ಎಂಬ ಬೆರಗಿನಲ್ಲಿ ಎಲ್ಲರೂ ಬಾಯಿ ತೆರೆದು ಕೂತಿದ್ದರು.

ಹತ್ತು ನಿಮಿಷ ಕಳೆದಿರಬೇಕು. ಮಾತಿನ ಹಿಂದೆ ಒಂದು ಸುಯ್ಯೆನ್ನುವ ಸದ್ದು ಹುಟ್ಟಿತು. ಒಣಗಿದ ಬಿದಿರೆಲೆಗಳ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅದು ಏರಿತು, ಇಳಿಯಿತು, ಮತ್ತೆ ಏರಿತು. ನಾಯಕರ ದನಿ ಅದರೊಳಗೆ ಮುಳುಗುತ್ತ ಮುಳುಗುತ್ತ, ಬಾವಿಯ ತಳಕ್ಕಿಳಿದ ಕೊಡದಂತೆ ಕಾಣೆಯಾಯಿತು.

ಸಾಹೇಬರು ವಾಚು ನೋಡಿಕೊಂಡರು. "ಹತ್ತು ಗಂಟೆ ನಲವತ್ತಮೂರು ನಿಮಿಷ!" ಎಂದರು ಗುಮಾಸ್ತನಿಗೆ. "ಬರ್ಕೊಳ್ರೀ."

ಗುಂಡಿ ತಿರುವಿದೆ. ಮುಂಬಯಿ ಇಲ್ಲ, ಮದ್ರಾಸು ಇಲ್ಲ, ಬೇರೆ ದೇಶದ ಒಂದು ನಿಲಯವೂ ಇಲ್ಲ. ಹಗಲಲ್ಲಿ ಗಿಜಿಗುಟ್ಟುವ ಡಯಲ್ಲು ಸ್ಮಶಾನದಂತಿತ್ತು. ಬಲತುದಿಯಲ್ಲಿ ಮಾತ್ರ ಆ ಸುಯ್ಯೆನ್ನುವ ಸದ್ದು ಇನ್ನೂ ಇತ್ತು. ಏನು ಮಾಡಲೂ ತೋಚದೆ ಹಿಂದಿನಿಂದ ಏರಿಯಲ್ ತಂತಿಯನ್ನು ಕಿತ್ತೆ. ಸದ್ದು ತಟ್ಟನೆ ಇಳಿಯಿತು. ಸಿಕ್ಕಿಸಿದೆ, ಏರಿತು. ಮತ್ತೆ ಕಿತ್ತೆ, ಮತ್ತೆ ಸಿಕ್ಕಿಸಿದೆ.

ಪಕ್ಕದಲ್ಲಿ ಕೂತಿದ್ದ ಹಾಲಪ್ಪ ನೋಡುತ್ತಲೇ ಇದ್ದ. "ತಂತಿ ಕಿತ್ರೆ ಸುಮ್ಮನಾಗತೈತಿ, ಹಚ್ಚಿದ್ರೆ ಒದರತೈತಿ" ಎಂದ ಮೆಲ್ಲಗೆ. "ಅಂದ್ರ ಒದರೋದು ಪೆಟ್ಟಿಗಿ ಅಲ್ಲ ಮೇಸ್ತ್ರಿ. ಹೊರಗಿಂದು ಏನೋ."

ಮುಂದೆ ಗುಡ್ಡದ ಮೇಲಿನ ಕೋಣೆಯಲ್ಲಿ ವರ್ಷಗಟ್ಟಲೆ ನಾನು ಮಾಡಿದ್ದು ಇದನ್ನೇ. ರಿಸೀವರ್ ತಾನೂ ಒಂದಿಷ್ಟು ಗುಂಯ್ಗುಡುತ್ತದೆ. ಆಕಾಶದ ಸದ್ದು ಯಾವುದು, ಯಂತ್ರದ್ದು ಯಾವುದು ಎಂದು ತಿಳಿಯಬೇಕಾದರೆ ಆಂಟೆನಾದಿಂದ ಬಿಡಿಸಿ ಒಮ್ಮೆ, ಜೋಡಿಸಿ ಒಮ್ಮೆ ನೋಡಬೇಕು. ಅಲ್ಲಿ ಅದಕ್ಕೆಂದೇ ದುಬಾರಿ ಸ್ವಿಚ್ಚುಗಳಿದ್ದವು. ಹಾಗೆ ಕಿತ್ತು ಹಚ್ಚುವುದರ ಅರ್ಥ ನನಗೆ ಮೊದಲು ಹೇಳಿದವನು ಹಾಲಪ್ಪ.

ಅಂದು ಸಾಹೇಬರಿಗೆ ಇದೆಲ್ಲ ಬೇಕಿರಲಿಲ್ಲ. "ಹೊರಗಿನ ಸದ್ದು ಸರ್, ಯಂತ್ರ ಸರಿಯಿದೆ" ಎಂದೆ. "ನನಗೆ ಶಾಸ್ತ್ರ ಬೇಡ, ಭಾಷಣ ಬೇಕು" ಎಂದರು. ಇಪ್ಪತ್ತು ನಿಮಿಷ ಕಾದು ಎದ್ದು ಹೋದರು. ಜೀಪಿನ ಧೂಳು ಅಡಗಿ ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದೆಯೇ, ರೇಡಿಯೋ ಕ್ಷೀಣವಾಗಿ ಮಾತಾಡತೊಡಗಿತು. ಭಾಷಣದ ಕನ್ನಡ ಸಾರಾಂಶದ ಕೊನೆಯ ನಾಲ್ಕು ಮಾತು ಕೇಳಿಸಿ ನಮಸ್ಕಾರ ಹೇಳಿತು. "ಅರ್ಥ ಆಗದ್ದು ನಿಂತು, ಅರ್ಥ ಆಗೋದು ಬಂತಲ್ಲ, ಒಳ್ಳೇದೇ ಆತು" ಎಂದು ಹಾಲಪ್ಪ ನಕ್ಕ. ನನಗೆ ನಗು ಬರಲಿಲ್ಲ.

ವಾರದಲ್ಲಿ ಮೆಮೊ ಬಂತು. "ಸದರಿ ದಿನ ಬೆಳಿಗ್ಗೆ ಹತ್ತು ಗಂಟೆ ನಲವತ್ತಮೂರು ನಿಮಿಷಕ್ಕೆ ಈಸೂರಿನ ರೇಡಿಯೋ ಯಂತ್ರವು ಸಂಪೂರ್ಣ ಸ್ಥಗಿತಗೊಂಡಿದ್ದು, ಇದು ತಮ್ಮ ಕರ್ತವ್ಯಲೋಪವೆಂದು ಏಕೆ ಪರಿಗಣಿಸಬಾರದು" ಎಂದು. ದೆಹಲಿಯ ಕಡೆಯಿಂದ ತಪ್ಪಾಗಿಲ್ಲ, ಮರುದಿನದ ಪತ್ರಿಕೆಯಲ್ಲಿ ಭಾಷಣ ಪೂರ್ತಿ ಬಂದಿದೆ ಎಂದೂ ಅದರಲ್ಲಿತ್ತು. ಹದಿನೈದು ದಿನದೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಈಸೂರಿನ ಯಂತ್ರವನ್ನು ಹಿಂಪಡೆದು ಬೇರೆ ತಾಲ್ಲೂಕಿಗೆ ಕೊಡಲಾಗುವುದು.

ಕೆಲಸ ಸಿಕ್ಕಿತೆಂದು ಊರಲ್ಲಿ ನಮ್ಮಪ್ಪ ಮನೆಮನೆಗೆ ಬೆಲ್ಲ ಹಂಚಿದ್ದರು. ಅವರ ಮುಖ ನೆನೆಯುತ್ತಲೇ ಈಸೂರಿಗೆ ಹೋಗಿ ರೇಡಿಯೋವನ್ನು ಮೂರು ಸಲ ಬಿಚ್ಚಿದೆ. ಒಂದಾದರೂ ದೋಷ ಸಿಕ್ಕರೆ ಒಪ್ಪಿಕೊಂಡುಬಿಡೋಣ ಎನ್ನಿಸಿತ್ತು. ಸಿಗಲಿಲ್ಲ. ಹಾಲಪ್ಪ ಮೆಮೊವನ್ನು ನನ್ನಿಂದ ಓದಿಸಿ ಕೇಳಿದ. ಮೊದಲ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನಮ್ಮ ಹೆಣ್ಮಕ್ಕಳು ಸಂಜೀಗೆ ಪದ ಕೇಳ್ಕೊಂತ ಅಕ್ಕಿ ಹಸನು ಮಾಡ್ತಾರ. ಅದನ್ನ ಹೊತ್ಕೊಂಡು ಹೋಗ್ತಾರಂತೇನು? ಬರ್ಲಿ. ಈಸೂರಿನೋರು ಹೆಂಗ ಅದಾರ ಅಂತ ಸರ್ಕಾರಕ್ಕ ಗೊತ್ತೈತಿ."

"ಜಗಳ ಬೇಡ ಹಾಲಪ್ಪ. ಕಾರಣ ಸಿಕ್ಕರೆ ಸಾಕು" ಎಂದೆ. ಎಲ್ಲಿ ಸಿಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಮೂರು ದಿನ ಬಿಟ್ಟು ಸೊರಬದ ಸರದಿ. ಮನಸ್ಸಿಲ್ಲದೆ ಹೋದೆ. ಗಿರಿಜಮ್ಮ ಟೀಚರ್ ಮೆಟ್ಟಿಲಲ್ಲೇ ಹಿಡಿದುಕೊಂಡರು. "ನಿಮ್ಮ ರೇಡಿಯೋ ಆವತ್ತು ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೀತಲ್ರೀ! ಭಾಷಣ ಕೇಳ್ಸೋಣ ಅಂತ ಎಲ್ಲಾ ಕ್ಲಾಸನ್ನೂ ಸಾಲಾಗಿ ಕೂರ್ಸಿದೀನಿ, ಅರ್ಧಕ್ಕೇ ಸುಯ್ಯಂತ ಹೋಯ್ತು."

ನಾನು ನಿಂತಲ್ಲೇ ನಿಂತೆ. "ಎಷ್ಟು ಹೊತ್ತಿಗೆ ಟೀಚರ್?"

"ನನ್ನನ್ನೆಂತ ಕೇಳ್ತೀರಿ, ರಿಜಿಸ್ಟರ್ ಅದೆಯಲ್ಲ."

ತಂದು ಬಿಚ್ಚಿದರು. ಆ ಮುತ್ತಿನಂಥ ಅಕ್ಷರ ಇಂದಿಗೂ ನನ್ನ ಕಣ್ಣ ಮುಂದಿದೆ. 'ಹತ್ತು ನಲವತ್ತಕ್ಕೆ ಮಳೆ ಹೊಯ್ದಂತೆ ಸದ್ದು. ಹತ್ತು ನಲವತ್ತಮೂರಕ್ಕೆ ಮಾತು ಪೂರಾ ನಿಂತಿತು. ಹೊರಗೆ ಹೋಗಿ ನೋಡಿದೆ, ಮಳೆ ಇಲ್ಲ, ಮೋಡವೂ ಇಲ್ಲ. ಹನ್ನೊಂದೂ ಕಾಲರ ಮೇಲೆ ತಾನಾಗಿ ಬಂತು. ಯಾರೂ ಮುಟ್ಟಿಲ್ಲ.'

ಜೇಬಿನಿಂದ ಮೆಮೊ ತೆಗೆದು ಅದರ ಪಕ್ಕದಲ್ಲಿಟ್ಟೆ. ಟೀಚರ್ ಕನ್ನಡಕ ಸರಿಮಾಡಿಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ಓದಿದರು. ಅವರ ಬೆರಳು ಸಾಹೇಬರ ನಲವತ್ತಮೂರರ ಮೇಲೆ ನಿಂತಿತು, ತಮ್ಮ ನಲವತ್ತಮೂರರ ಮೇಲೆ ನಿಂತಿತು.

"ಅಯ್ಯೋ ಶಿವನೇ" ಎಂದರು. "ಒಂದೇ ನಿಮಿಷ! ಇಲ್ಲಿಂದ ಈಸೂರು ಎಷ್ಟು ದೂರ ಮಾರಾಯ್ರೆ? ಎರಡು ಪೆಟ್ಟಿಗೆ ಮಾತಾಡಿಕೊಂಡು ಕೆಡ್ತಾವನ್ರೀ?"

ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಕೆಟ್ಟಿದ್ದು ಈಸೂರಿನ ಪೆಟ್ಟಿಗೆಯಲ್ಲ. ಎರಡೂ ರಿಸೀವರುಗಳು ಸರಿಯಾಗಿದ್ದವು, ಸರಿಯಾಗಿದ್ದದ್ದರಿಂದಲೇ ಎರಡೂ ಒಂದೇ ಸಂಗತಿಯನ್ನು ಕೇಳಿದ್ದವು. ಆ ಸಂಗತಿ ಯಾವುದು ಎನ್ನುವುದು ಬಾಕಿ. ಅಲ್ಲೇ ಶಾಲೆಯ ಬೆಂಚಿನ ಮೇಲೆ ಕೂತು, ಬೆಂಗಳೂರಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟರಿಗೆ ಎಲ್ಲವನ್ನೂ ಬರೆದೆ: ಸದ್ದು, ಹೊತ್ತು, ಖಾಲಿ ಡಯಲ್ಲು, ತಂತಿ ಕಿತ್ತಾಗ ಇಳಿದದ್ದು. ಟೀಚರ್ ಕಾಗದದಲ್ಲಿ ಎರಡು ಕಡೆ ಒತ್ತಕ್ಷರ ತಿದ್ದಿದರು.

ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. ಅಂಚೆಯವನ ಕೈಯಿಂದ ಕಿತ್ತುಕೊಂಡಂತೆಯೇ ತೆಗೆದುಕೊಂಡು ಬೀದಿಯಲ್ಲಿ ನಿಂತು ಓದಿದೆ. ಮೇಷ್ಟರು ಬರೆದಿದ್ದರು: ಅದೇ ದಿನ ಅದೇ ಹೊತ್ತಿಗೆ ಸೂರ್ಯನ ಮೇಲೆ ದೊಡ್ಡದೊಂದು ಸ್ಫೋಟವಾಗಿದೆ. ಸೂರ್ಯನನ್ನು ನೋಡುವ ವೀಕ್ಷಣಾಲಯದವರನ್ನು ವಿಚಾರಿಸಿದ್ದೇನೆ, ಅವರಲ್ಲಿ ದಾಖಲಾಗಿದೆ. ಅಂಥ ಸ್ಫೋಟವಾದಾಗ ಮೇಲಿನ ವಾಯುಪದರ ಕಿರು ಅಲೆಗಳನ್ನು ನುಂಗಿಬಿಡುತ್ತದೆ. ಹಗಲಿರುವ ಕಡೆಯಲ್ಲೆಲ್ಲ ದೂರದ ನಿಲಯಗಳು ಮಾಯವಾಗುತ್ತವೆ. ಮೊದಲು ನೀನು ಕೇಳಿದ ಸುಯ್ಯೆನ್ನುವ ಸದ್ದು ಸೂರ್ಯನದೇ. ಹೊರದೇಶಗಳಲ್ಲಿ ಇಂಥ ಸದ್ದು ಕೇಳಲೆಂದೇ ಗದ್ದೆಯಷ್ಟು ಅಗಲದ ಬೋಗುಣಿಗಳನ್ನು ಕಟ್ಟುತ್ತಿದ್ದಾರೆ. ನೀನು ಬೇವಿನ ಮರಕ್ಕೆ ತಂತಿ ಕಟ್ಟಿ ಕೇಳಿದ್ದೀಯೆ. ಬರೆದಿಟ್ಟುಕೋ, ಬಿಡಬೇಡ.

ಕೆಲವು ವರ್ಷಗಳ ಮೇಲೆ ನಮ್ಮಲ್ಲೂ ಅಂಥದ್ದನ್ನು ಕಟ್ಟಲು ಶುರುವಾದಾಗ ರಿಸೀವರ್ ಕೆಲಸಕ್ಕೆ ನನ್ನನ್ನು ನೆನೆದು ಕರೆಸಿದವರೂ ಅವರೇ. ಆದರೆ ಅಂದು ಬೀದಿಯಲ್ಲಿ ನಿಂತವನಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಸೂರ್ಯನ ಕಡೆ ಮುಖವೆತ್ತಿ ನೋಡಿದೆ. ಕಣ್ಣು ಕುಕ್ಕಿತು. ಎದುರು ಅಂಗಡಿಯವನಿಗೆ ಕಾರಣ ಹೇಳದೆ ಕೈ ಮುಗಿದು, ಸೈಕಲ್ ಹತ್ತಿ ಈಸೂರಿನ ದಾರಿ ಹಿಡಿದೆ.

ಗಡುವಿನ ದಿನ ಸಾಹೇಬರು ರೇಡಿಯೋ ಒಯ್ಯಲು ಜೀಪಿನಲ್ಲಿ ಬಂದರು. ಚಾವಡಿಯ ಮುಂದೆ ಇಡೀ ಊರಿತ್ತು. ಗಿರಿಜಮ್ಮ ಟೀಚರ್ ಬೆಳಗಿನ ಬಸ್ಸಿಗೇ ಸೊರಬದಿಂದ ಹೊರಟು ಬಂದಿದ್ದರು. ರಿಜಿಸ್ಟರ್ ನನ್ನ ಕೈಗೆ ಕೊಡಿ ಎಂದು ಮೊದಲೇ ಕೇಳಿದ್ದೆ. "ಸರ್ಕಾರಿ ಸೊತ್ತು, ಕಂಡೋರ ಕೈಗೆ ಕೊಡೋದಲ್ಲ" ಎಂದು ತಾವೇ ಎದೆಗವಚಿಕೊಂಡು ತಂದಿದ್ದರು.

ಸಾಹೇಬರು ರಿಜಿಸ್ಟರ್ ಓದಿದರು. ಮೇಷ್ಟರ ಕಾಗದ ಓದಿದರು. ಮತ್ತೆ ರಿಜಿಸ್ಟರ್ ನೋಡಿದರು. "ಇದು ಆಮೇಲೆ ಬರೆದದ್ದಲ್ಲ ಅಂತ ಹೇಗ್ರೀ ನಂಬೋದು? ನಿಮ್ಮ ಗಡಿಯಾರ ಸರಿಯಿತ್ತಾ?"

ಟೀಚರ್ ಸೆರಗು ಬಿಗಿದುಕೊಂಡರು. "ಆ ಪುಟದ ಕೆಳಗೆ ಮರುದಿನವೇ ಶಾಲಾ ಇನ್‌ಸ್ಪೆಕ್ಟರು ಸಹಿ ಹಾಕ್ಯಾರೆ ನೋಡ್ರೀ. ಗಡಿಯಾರ ದಿನಾ ದೆಹಲಿ ರೇಡಿಯೋದ ಪೀಪ್ ಪೀಪಿಗೇ ಸರಿಮಾಡ್ತೀನಿ. ನಿಮ್ಮ ವಾಚು ಹೆಂಗೋ ನನಗೆ ಗೊತ್ತಿಲ್ಲ. ಅದೇ ತಪ್ಪು ತೋರಿಸಿದ್ರೆ ಮಾತು ಬೇರೆ."

"ನನ್ನ ವಾಚಾ?" ಸಾಹೇಬರ ದನಿ ಏರಿತು. "ವಾರವಾರ ರೈಲ್ವೆ ಟೈಮಿಗೆ ಹೊಂದಿಸ್ತೀನಮ್ಮ! ಅರ್ಧ ನಿಮಿಷ ಆಚೀಚೆ ಆಗಿಲ್ಲ ಇದುವರೆಗೂ!"

"ಹಾಗಾದ್ರೆ ಎರಡೂ ಸರಿಯಾಯ್ತಲ್ಲ" ಎಂದರು ಟೀಚರ್.

ಸಾಹೇಬರು ತಮ್ಮ ವಾಚನ್ನೇ ನೋಡುತ್ತಿದ್ದರು. ಆಮೇಲೆ ಅವರ ಮೀಸೆಯ ತುದಿ ಅಲುಗಿತು. "ವೀಕ್ಷಣಾಲಯದವರ ಗಡಿಯಾರಕ್ಕೂ ನನ್ನ ವಾಚಿಗೂ ತಾಳೆ ಆಗಿದೆ ಅನ್ನಿ" ಎಂದರು. ಆ ಮಾತಿಗೆ ತಾವೇ ನಕ್ಕರು. ಊರಿಗೆ ಊರೇ ನಕ್ಕಿತು. ಅವರು ಕೆಟ್ಟವರಾಗಿರಲಿಲ್ಲ. ಅಂದು ಅಷ್ಟು ಜನರ ಎದುರು ತಮ್ಮ ಕಾರ್ಯಕ್ರಮ ಕೆಟ್ಟದ್ದು ಅವರನ್ನು ಚುಚ್ಚಿತ್ತು, ಅಷ್ಟೇ.

ಕಡತ ಮುಚ್ಚಬೇಕಾದರೆ ಒಂದು ನಮೂನೆ ತುಂಬಬೇಕಿತ್ತು. ಯಂತ್ರ ನಿಂತದ್ದಕ್ಕೆ ಕಾರಣ: ಬ್ಯಾಟರಿ, ವಾಲ್ವು, ಏರಿಯಲ್ಲು, ಇತರೆ. ಸಾಹೇಬರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. 'ಇತರೆ'ಯ ಮುಂದೆ 'ಸೂರ್ಯ' ಎಂದು ಬರೆದು ಸಹಿ ಹಾಕಿದರು. ಗುಮಾಸ್ತ ಇಣುಕಿ, "ಸರ್, ದುರಸ್ತಿಗೆ ಕೈಗೊಂಡ ಕ್ರಮ?" ಎಂದ. "ಅದನ್ನ ಖಾಲಿ ಬಿಡ್ರೀ" ಎಂದರು.

ರೇಡಿಯೋ ಚಾವಡಿಯಲ್ಲೇ ಉಳಿಯಿತು. ಜೀಪು ಹೋದ ಮೇಲೆ ಹಾಲಪ್ಪನ ಹೆಂಡತಿ ಟೀಚರನ್ನೂ ನನ್ನನ್ನೂ ಬಿಡದೆ ಊಟಕ್ಕೆ ಕೂರಿಸಿದಳು. ಹೊಸ ಅಕ್ಕಿಯ ಕಡುಬು, ಅವರೆಕಾಳಿನ ಸಾರು. ಉಂಡು ಚಾವಡಿಗೆ ಬಂದರೆ ಹೆಂಗಸರೆಲ್ಲ ಮೊರ, ಅಕ್ಕಿ ಸಮೇತ ಬಂದು ಕೂತಿದ್ದಾರೆ. ಬಿಸಿಲು ಇನ್ನೂ ಚುರುಕಾಗಿತ್ತು. ಹಾಲಪ್ಪನ ವಯಸ್ಸಾದ ತಾಯಿ ಎಲ್ಲರ ಮುಂದೆ ಗೋಡೆಗೊರಗಿದ್ದಳು.

"ಏನಪ್ಪಾ, ಸೂರ್ಯಪ್ಪ ಮಾತಾಡ್ತಾನಂತಲ್ಲ. ನಮಗೂ ಒಂದೀಟು ಕೇಳ್ಸು" ಎಂದಳು.

"ಅವನು ಯಾವಾಗ ಮಾತಾಡ್ತಾನೋ ಹೇಳೋಕಾಗಲ್ಲ ಅಜ್ಜಿ. ಇವತ್ತು ಇಲ್ಲದೇನೂ ಇರಬಹುದು."

"ಆಗ್ಲಿ ಬಿಡು, ಕಾಯಾನ. ಮಳಿ ಕಾಯ್ದೋರು ನಾವು."

ನಾನು ರೇಡಿಯೋ ಹಚ್ಚಿ, ಡಯಲ್ಲಿನ ಬಲತುದಿಗೆ ತಿರುವಿ, ದನಿ ಏರಿಸಿದೆ. ಬರೀ ಸಣ್ಣ ಗುಂಯ್‌ಗುಟ್ಟುವಿಕೆ. ಟೀಚರ್ ರಿಜಿಸ್ಟರ್ ತೆರೆದು, ಹೊತ್ತು ನೋಡಿ ಒಂದು ಸಾಲು ಬರೆದುಕೊಂಡು ಸುಮ್ಮನೆ ಕೂತರು. ಮೊರಗಳಲ್ಲಿ ಅಕ್ಕಿ ಮೆಲ್ಲಗೆ ಸರಿಯುತ್ತಿತ್ತು. ಅಂದು ಮಧ್ಯಾಹ್ನ ಸೂರ್ಯ ನಮಗೆ ಏನನ್ನೂ ಹೇಳಲಿಲ್ಲ. ನೆರಳು ಬೇವಿನ ಮರ ದಾಟಿ ಕಣದ ತುದಿ ಮುಟ್ಟುವವರೆಗೂ ಯಾರೊಬ್ಬರೂ ಎದ್ದು ಹೋಗಲಿಲ್ಲ.